ಕಾರ್ಡ್‌ಗೂ ಫೋಟೊಗೂ ಮನೆಗೊಂದು ಪ್ರಿಂಟರ್: ಮೊದಲು ಕಾಗದ, ಆಮೇಲೆ ಯಂತ್ರ

ಪ್ರಿಂಟರ್ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಕಾಣುವುದು ಎರಡು ಸಂಖ್ಯೆಗಳು: ಡಿಪಿಐ (ಇಂಚಿಗೆ ಬೀಳುವ ಶಾಯಿಯ ಚುಕ್ಕೆಗಳು) ಎಷ್ಟು, ನಿಮಿಷಕ್ಕೆ ಎಷ್ಟು ಪುಟ. ಕಾರ್ಡ್ ಮಾಡುವವರಿಗೂ ಫೋಟೊ ಅಚ್ಚು ಹಾಕುವವರಿಗೂ ಇವೆರಡರಿಂದ ಹೆಚ್ಚು ಪ್ರಯೋಜನವಿಲ್ಲ. ತಿಳಿದುಕೊಳ್ಳಬೇಕಾದದ್ದು ಬೇರೆಯೇ ಇದೆ. 250 ಜಿಎಸ್ಎಂ ತೂಕದ ದಪ್ಪ ಹಾಳೆ ಒಳಗೆ ಹೋಗಿ ನೆಟ್ಟಗೆ ಹೊರಬರುತ್ತದೆಯೇ? ಅಚ್ಚಾದ ಗೆರೆಯ ಮೇಲೆ ಜಲವರ್ಣ ಹಚ್ಚಿದರೆ ಗೆರೆ ಕದಡುತ್ತದೆಯೇ? ಮಡಿಕೆಯ ಉದ್ದಕ್ಕೂ ಬಣ್ಣ ಒಡೆದು ಬಿಳಿ ಇಣುಕುತ್ತದೆಯೇ? ಫೋಟೊದಲ್ಲಿ ಮೈಬಣ್ಣ ಸಹಜವಾಗಿ ಬರುತ್ತದೆಯೇ? ಇವಕ್ಕೆಲ್ಲ ಉತ್ತರ ಇರುವುದು ಕಾಗದ ಸಾಗುವ ದಾರಿಯಲ್ಲಿ ಮತ್ತು ಶಾಯಿಯ ಜಾತಿಯಲ್ಲಿ. ಆದ್ದರಿಂದ ಯಾವ ಕಾಗದದ ಮೇಲೆ ಏನು ಮಾಡುತ್ತೀರಿ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ, ಆಮೇಲೆ ಯಂತ್ರ ಹುಡುಕಿ. ಇದನ್ನು ತಿರುಗಾಮುರುಗಾ ಮಾಡಿದವರ ಮನೆಯಲ್ಲಿ ಒಳ್ಳೆಯ ಪ್ರಿಂಟರ್ ಒಂದು ಕಡೆ, ಅದರೊಳಗೆ ಹೋಗದ ಕಾರ್ಡ್ ಹಾಳೆಗಳ ಕಟ್ಟು ಇನ್ನೊಂದು ಕಡೆ ಉಳಿದುಬಿಡುತ್ತವೆ.

ಕಾಗದದ ಪಟ್ಟಿ

ಪಟ್ಟಿಯಲ್ಲಿ ನಾಲ್ಕು ವಿಷಯ ಇರಲಿ: ತೂಕ, ಅಳತೆ, ಮೇಲ್ಮೈ, ಅಚ್ಚಾದ ಮೇಲೆ ಮಾಡುವ ಕೆಲಸ.

ತೂಕವನ್ನು ಜಿಎಸ್ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಕಚೇರಿಯ ಸಾದಾ ಕಾಗದ 70ರಿಂದ 80 ಇರುತ್ತದೆ. ಫೋಟೊ ಕಾಗದ 180ರಿಂದ 300. ಗಟ್ಟಿಯಾಗಿ ನಿಲ್ಲುವ ಶುಭಾಶಯ ಪತ್ರಕ್ಕೆ 200ಕ್ಕಿಂತ ಕಡಿಮೆ ಸಾಲದು. 250 ಆದರೆ ಚೆನ್ನಾಗಿ ನಿಲ್ಲುತ್ತದೆ. ಕಾರ್ಡ್‌ಸ್ಟಾಕ್ (ಕಾರ್ಡ್ ಮಾಡುವ ದಪ್ಪ ಹಾಳೆ) ಕಟ್ಟುಗಳ ಮೇಲೆ ಕೆಲವೊಮ್ಮೆ ತೂಕವನ್ನು ಪೌಂಡ್‌ನಲ್ಲಿ ಬರೆದಿರುತ್ತಾರೆ. ಕವರ್ ದರ್ಜೆಯ ಕಾಗದದಲ್ಲಿ 65 ಪೌಂಡ್ ಎಂದರೆ ಸುಮಾರು 176 ಜಿಎಸ್ಎಂ, 80 ಪೌಂಡ್ ಎಂದರೆ ಸುಮಾರು 216, 110 ಪೌಂಡ್ ಎಂದರೆ ಸುಮಾರು 300. ಪೌಂಡ್ ಲೆಕ್ಕ ಕಾಗದದ ದರ್ಜೆಯ ಪ್ರಕಾರ ಬದಲಾಗುತ್ತದೆ. ಹಾಗಾಗಿ ಬರಿ ಪೌಂಡ್ ನೋಡಿ ಕೊಳ್ಳಬೇಡಿ, ಜಿಎಸ್ಎಂ ಹುಡುಕಿ.

ತೂಕ ಒಂದೇ ಆದರೂ ದಪ್ಪ ಒಂದೇ ಆಗಿರುವುದಿಲ್ಲ. ನಯವಾಗಿ ಒತ್ತಿ ತಯಾರಿಸಿದ 250 ಜಿಎಸ್ಎಂ ಹಾಳೆ 0.25 ಮಿ.ಮೀ. ಇದ್ದರೆ, ಮೃದುವಾದ ಲೇಪನವಿಲ್ಲದ ಹಾಳೆ ಅದೇ ತೂಕದಲ್ಲಿ 0.33 ಮಿ.ಮೀ. ದಾಟಬಹುದು. ಪ್ರಿಂಟರ್‌ನೊಳಗೆ ಸಿಕ್ಕಿಹಾಕಿಕೊಳ್ಳುವುದು ದಪ್ಪ ಮತ್ತು ಬಿಗುಪು, ತೂಕವಲ್ಲ. ಕೈಪಿಡಿಯಲ್ಲಿ ಮಿ.ಮೀ. ಮಿತಿ ಕೊಟ್ಟಿದ್ದರೆ ಅದನ್ನೇ ನಂಬಿ.

ಇನ್ನು ಅಳತೆ. ಇಲ್ಲಿ ಬಹಳ ಜನ ಎಡವುತ್ತಾರೆ, ಏಕೆಂದರೆ ಮಡಚಿದ ಕಾರ್ಡಿನ ಅಳತೆಯನ್ನು ಮಾತ್ರ ನೋಡಿ ಬಿಚ್ಚಿದ ಹಾಳೆಯ ಅಳತೆಯನ್ನು ಮರೆಯುತ್ತಾರೆ. ಎ4 ಹಾಳೆ 210 × 297 ಮಿ.ಮೀ.; ಮಡಚಿದರೆ ಎ5 ಕಾರ್ಡ್. ಮಡಚಿದ ಮೇಲೆ 5 × 7 ಇಂಚು ಬೇಕೆಂದರೆ ಬಿಚ್ಚಿದ ಹಾಳೆ 10 × 7 ಇಂಚು. ಇದು ಎ4 ಒಳಗೆ ಹಿಡಿಸುತ್ತದೆ. 6 ಇಂಚಿನ ಚೌಕ ಕಾರ್ಡ್‌ಗೆ 12 × 6 ಇಂಚು ಬೇಕು. ಎ4 ಉದ್ದ 11.69 ಇಂಚು ಮಾತ್ರ, ಸ್ವಲ್ಪದರಲ್ಲಿ ತಪ್ಪಿಹೋಗುತ್ತದೆ. 14 ಇಂಚು ಉದ್ದದ ಲೀಗಲ್ ಹಾಳೆ ತೆಗೆದುಕೊಳ್ಳುವ ಎ4 ಪ್ರಿಂಟರ್‌ನಲ್ಲಿ ಇದು ಆಗುತ್ತದೆ, ಆದರೆ ಆ ಅಳತೆಗೆ ಅಂಚಿಲ್ಲದ ಮುದ್ರಣ ಬಹುಪಾಲು ಸಿಗುವುದಿಲ್ಲ. 12 ಇಂಚು ಚೌಕದ ಸ್ಕ್ರ್ಯಾಪ್‌ಬುಕ್ ಪುಟ ಬೇಕಾದರೆ 13 ಇಂಚು ಅಗಲದ ಎ3+ ಯಂತ್ರವೇ ಬೇಕು. ಅದು ಮೇಜಿನ ಮೇಲೆ ಬಹಳ ಜಾಗ ಹಿಡಿಯುತ್ತದೆ. ವರ್ಷಕ್ಕೆ ಎರಡು ಸಲದ ಕೆಲಸಕ್ಕಾಗಿ ಅದನ್ನು ತರುವುದು ಬೇಡ.

ಚಿಕ್ಕ ಅಳತೆಗೂ ಮಿತಿ ಉಂಟು. ಸುಮಾರು 9 ಸೆಂ.ಮೀ.ಗಿಂತ ಕಿರಿದಾದ ಹಾಳೆಯನ್ನು ಹಲವು ಪ್ರಿಂಟರ್‌ಗಳ ರೋಲರ್ ಹಿಡಿಯುವುದೇ ಇಲ್ಲ. ಉಡುಗೊರೆಯ ಚೀಟಿಗಳನ್ನು ಒಂದು ಹಾಳೆಯಲ್ಲಿ ಏಳೆಂಟು ಜೋಡಿಸಿ ಅಚ್ಚು ಹಾಕಿ, ಆಮೇಲೆ ಕತ್ತರಿಸುವುದೇ ಸರಿಯಾದ ಕ್ರಮ.

ಕಾಗದ ಸಾಗುವ ದಾರಿ

ಕಾರ್ಡ್ ಮಾಡುವವರ ಮಟ್ಟಿಗೆ ಪ್ರಿಂಟರ್‌ನ ಅತ್ಯಂತ ಮುಖ್ಯವಾದ ಭಾಗ ಹಿಂಬದಿಯ ಟ್ರೇ. ಮುಂದಿನ ಡ್ರಾಯರ್‌ನಲ್ಲಿಟ್ಟ ಕಾಗದ ಒಳಗೆ ಹೋಗಿ, ರೋಲರ್ ಸುತ್ತ ಪೂರ್ತಿ ತಿರುಗಿ, ಮತ್ತೆ ಮುಂದಕ್ಕೇ ಬರುತ್ತದೆ. ಸಾದಾ ಕಾಗದಕ್ಕೂ ತೆಳು ಫೋಟೊ ಕಾಗದಕ್ಕೂ ಇದರಿಂದ ತೊಂದರೆಯಿಲ್ಲ. ದಪ್ಪ ಕಾರ್ಡ್ ಆ ತಿರುವಿನಲ್ಲಿ ಬಾಗುವುದಿಲ್ಲ. ಬಾಗಿದರೂ ಮೇಲ್ಮೈ ಬಿರುಕು ಬಿಡುತ್ತದೆ, ಇಲ್ಲವೇ ಹಾಳೆ ಬಿಲ್ಲಿನಂತೆ ಸುರುಳಿಯಾಗಿ ಬರುತ್ತದೆ. ಹಿಂದಿನಿಂದ ಇಳಿಜಾರಾಗಿ ಹೋಗುವ ಹಾಳೆ ಸ್ವಲ್ಪವೇ ಬಾಗಿ ಮುಂದೆ ಬರುತ್ತದೆ. ಕೆಲವು ಯಂತ್ರಗಳಲ್ಲಿ ಪೂರ್ತಿ ನೇರ ದಾರಿಯೂ ಇರುತ್ತದೆ. ಎಪ್ಸನ್ ಇಟಿ-8550 ಇಂಥದ್ದು, 1.3 ಮಿ.ಮೀ. ದಪ್ಪದ ಹಲಗೆಯಂಥ ಕಾಗದವನ್ನೂ ತೆಗೆದುಕೊಳ್ಳುತ್ತದೆ.

ಒಂದೇ ಯಂತ್ರದಲ್ಲಿ ಡ್ರಾಯರ್‌ಗೆ ಒಂದು ಮಿತಿ, ಹಿಂದಿನ ಟ್ರೇಗೆ ಇನ್ನೊಂದು ಮಿತಿ ಇರುತ್ತದೆ. ಜಾಹೀರಾತಿನಲ್ಲಿ ‘300 ಜಿಎಸ್ಎಂ ವರೆಗೆ’ ಎಂದಿದ್ದರೆ ಅದು ಹೆಚ್ಚಾಗಿ ಹಿಂದಿನ ಟ್ರೇಗೆ, ಅದೂ ತಯಾರಕರದೇ ಫೋಟೊ ಕಾಗದಕ್ಕೆ ಹೇಳಿದ್ದು. ಒರಟಾದ ಕಾರ್ಡ್‌ಸ್ಟಾಕ್‌ಗೆ ಅದೇ ಭರವಸೆ ಇಲ್ಲ. ಕೈಪಿಡಿಯನ್ನು ಇಳಿಸಿಕೊಂಡು ‘ಬಳಸಬಹುದಾದ ಕಾಗದ’ ಎಂಬ ಪುಟ ತೆರೆಯಿರಿ, ಪ್ರತಿ ಟ್ರೇಯ ಮುಂದೆ ಬರೆದ ತೂಕ, ದಪ್ಪ, ಹಾಳೆಗಳ ಸಂಖ್ಯೆ ನೋಡಿ. ದಪ್ಪ ಹಾಳೆಗೆ ‘ಒಂದು ಸಲಕ್ಕೆ ಒಂದು’ ಎಂದಿದ್ದರೆ ಅದನ್ನು ಕೊರತೆ ಎಂದು ತಿಳಿಯಬೇಡಿ. ಕಾರ್ಡ್‌ಸ್ಟಾಕ್ ಅನ್ನು ಒಂದೊಂದಾಗಿ ಕೊಡುವುದೇ ಒಳ್ಳೆಯದು.

ತಾನೇ ತಿರುಗಿಸಿ ಎರಡೂ ಬದಿ ಅಚ್ಚು ಹಾಕುವ ಸೌಲಭ್ಯ ಹೆಚ್ಚಾಗಿ ಸಾದಾ ಕಾಗದಕ್ಕೆ ಮಾತ್ರ. ಕಾರ್ಡಿಗೆ ನೀವೇ ಕೈಯಿಂದ ತಿರುಗಿಸಿ ಹಾಕಬೇಕಾಗುತ್ತದೆ. ಆ ಸೌಲಭ್ಯಕ್ಕಾಗಿ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ.

ಶಾಯಿ: ಡೈ ಮತ್ತು ಪಿಗ್ಮೆಂಟ್

ಇಂಕ್‌ಜೆಟ್ ಶಾಯಿಯಲ್ಲಿ ಎರಡು ಜಾತಿ. ಡೈ ಶಾಯಿಯಲ್ಲಿ ಬಣ್ಣ ದ್ರವದಲ್ಲಿ ಪೂರ್ತಿ ಕರಗಿರುತ್ತದೆ; ಕಾಗದದ ಲೇಪನದೊಳಗೆ ಇಂಗುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣದ ಸೂಕ್ಷ್ಮ ಕಣಗಳು ದ್ರವದಲ್ಲಿ ತೇಲುತ್ತಿರುತ್ತವೆ; ದ್ರವ ಇಂಗಿದ ಮೇಲೆ ಕಣಗಳು ಮೇಲ್ಮೈಯಲ್ಲೇ ಕೂರುತ್ತವೆ. ಮುಂದಿನ ಗುಣದೋಷಗಳೆಲ್ಲ ಈ ಒಂದು ವ್ಯತ್ಯಾಸದಿಂದ ಹುಟ್ಟುತ್ತವೆ.

ಹೊಳಪಿನ ಫೋಟೊ ಕಾಗದದ ಮೇಲೆ ಡೈ ಶಾಯಿ ಸೊಗಸು. ಬಣ್ಣ ಲೇಪನದೊಳಗೆ ಇಳಿಯುವುದರಿಂದ ಹೊಳಪು ಎಲ್ಲ ಕಡೆ ಒಂದೇ ಸಮ. ಆದರೆ ನೀರು ತಾಗಿದರೆ, ಮುಖ್ಯವಾಗಿ ಲೇಪನವಿಲ್ಲದ ಕಾರ್ಡ್‌ಸ್ಟಾಕ್ ಮೇಲೆ, ಕದಡುತ್ತದೆ. ಬೆಳಕಿನಿಂದ ಮಾಸುತ್ತದೆ, ಗಾಳಿಯಲ್ಲಿನ ಓಜೋನ್‌ನಿಂದ ಇನ್ನೂ ಬೇಗ ಮಾಸುತ್ತದೆ. ಬೇಗ ಒಣಗುವ, ಸೂಕ್ಷ್ಮ ರಂಧ್ರಗಳಿರುವ ಫೋಟೊ ಕಾಗದದಲ್ಲಿ ಈ ಬಾಧೆ ಹೆಚ್ಚು, ಏಕೆಂದರೆ ಆ ರಂಧ್ರಗಳೊಳಗೆ ಗಾಳಿಯೂ ನುಗ್ಗುತ್ತದೆ. ಗಾಜಿನ ಹಿಂದಿಟ್ಟರೆ ಅಥವಾ ಆಲ್ಬಂನಲ್ಲಿಟ್ಟರೆ ಡೈ ಮುದ್ರಣ ಬಹಳ ಹೆಚ್ಚು ಕಾಲ ಬಾಳುತ್ತದೆ. ಬರಿ ಗೋಡೆಗೆ ಅಂಟಿಸಬೇಡಿ.

ಪಿಗ್ಮೆಂಟ್ ಶಾಯಿ ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ, ಬೆಳಕಿಗೂ ಹೆಚ್ಚು ತಡೆಯುತ್ತದೆ. ಮ್ಯಾಟ್ (ಹೊಳಪಿಲ್ಲದ) ಕಾಗದದ ಮೇಲೂ ಸಾದಾ ಕಾರ್ಡ್‌ಸ್ಟಾಕ್ ಮೇಲೂ ಗೆರೆಗಳು ಚೂಪಾಗಿ ಬರುತ್ತವೆ. ಅಚ್ಚು ಹಾಕಿದ ಹೊರಗೆರೆ ಚಿತ್ರಕ್ಕೆ ಜಲವರ್ಣ ತುಂಬುವವರಿಗೆ ಇದೇ ಬೇಕು. ಇದರ ದೌರ್ಬಲ್ಯ ಹೊಳಪಿನ ಕಾಗದ: ಕಣಗಳು ಮೇಲೆ ಕೂರುವುದರಿಂದ ಶಾಯಿ ಇದ್ದ ಜಾಗ ಒಂದು ಹೊಳಪು, ಇಲ್ಲದ ಬಿಳಿ ಜಾಗ ಇನ್ನೊಂದು ಹೊಳಪು. ಓರೆಯಾಗಿ ಹಿಡಿದರೆ ಕಪ್ಪು ಭಾಗದಲ್ಲಿ ಕಂಚಿನ ಛಾಯೆಯೂ ಕಾಣಬಹುದು. ದುಬಾರಿ ಫೋಟೊ ಪ್ರಿಂಟರ್‌ಗಳು ಇದಕ್ಕೊಂದು ಪರಿಹಾರ ಕೊಡುತ್ತವೆ. ಕ್ಯಾನನ್ ಇಮೇಜ್‌ಪ್ರೊಗ್ರಾಫ್ ಪ್ರೊ-300ರಲ್ಲಿ ಒಂಬತ್ತು ಪಿಗ್ಮೆಂಟ್ ಶಾಯಿಗಳ ಜೊತೆ ಬಣ್ಣವಿಲ್ಲದ ಹತ್ತನೆಯ ದ್ರವವೊಂದು ಇರುವುದು ಹೊಳಪನ್ನು ಸಮ ಮಾಡುವುದಕ್ಕೇ.

ಸಾಮಾನ್ಯ ಮನೆಬಳಕೆಯ ಯಂತ್ರಗಳಲ್ಲಿ ಮಿಶ್ರ ವ್ಯವಸ್ಥೆ ಇರುವುದೇ ಹೆಚ್ಚು: ಕಪ್ಪು ಪಿಗ್ಮೆಂಟ್, ಉಳಿದ ಬಣ್ಣ ಡೈ. ಇಲ್ಲೊಂದು ಸೂಕ್ಷ್ಮ ಇದೆ, ಗೊತ್ತಿಲ್ಲದವರು ಯಂತ್ರವನ್ನೇ ದೂರುತ್ತಾರೆ. ಡ್ರೈವರ್‌ನಲ್ಲಿ (ಕಂಪ್ಯೂಟರ್‌ನಿಂದ ಪ್ರಿಂಟರನ್ನು ನಡೆಸುವ ತಂತ್ರಾಂಶ) ‘ಹೊಳಪಿನ ಫೋಟೊ ಕಾಗದ’ ಎಂದು ಆರಿಸಿದರೆ ಇಂಥ ಯಂತ್ರ ಪಿಗ್ಮೆಂಟ್ ಕಪ್ಪನ್ನು ಮುಟ್ಟುವುದೇ ಇಲ್ಲ, ಏಕೆಂದರೆ ಅದು ಹೊಳಪಿನ ಮೇಲೆ ಹಿಡಿಯದೆ ಉಜ್ಜಿಹೋಗುತ್ತದೆ. ಬದಲಿಗೆ ಮೂರು ಡೈ ಬಣ್ಣ ಬೆರೆಸಿ ಕಪ್ಪು ಮಾಡುತ್ತದೆ. ಫೋಟೊದ ಕಪ್ಪು ಕಂದುಕಂದಾಗಿ ಕಾಣುವುದು ಇದರಿಂದ. ಪ್ರತ್ಯೇಕ ‘ಫೋಟೊ ಕಪ್ಪು’ ಇರುವ ಯಂತ್ರದಲ್ಲಿ ಈ ತೊಂದರೆಯಿಲ್ಲ. ಇದನ್ನೇ ಕಾರ್ಡ್ ಮಾಡುವವರು ತಮ್ಮ ಅನುಕೂಲಕ್ಕೆ ಬಳಸಬಹುದು: ‘ಸಾದಾ ಕಾಗದ’ ಮತ್ತು ‘ಕಪ್ಪು-ಬಿಳುಪು’ ಎರಡನ್ನೂ ಆರಿಸಿ ಹೊರಗೆರೆ ಅಚ್ಚು ಹಾಕಿದರೆ ಪಿಗ್ಮೆಂಟ್ ಕಪ್ಪಷ್ಟೇ ಬರುತ್ತದೆ, ಜಲವರ್ಣಕ್ಕೆ ತಡೆಯುತ್ತದೆ. ‘ಸಾದಾ ಕಾಗದ’ ಎಂದು ಮಾತ್ರ ಆರಿಸಿ ಬಣ್ಣದಲ್ಲಿ ಬಿಟ್ಟರೆ ಕಪ್ಪಿಗೆ ಡೈ ಬೆರೆತು, ಕುಂಚ ತಾಗಿದೊಡನೆ ನೇರಳೆ ಅಥವಾ ನೀಲಿ ಹರಡಬಹುದು.

ನಾಲ್ಕೂ ಬಣ್ಣ ಪಿಗ್ಮೆಂಟ್ ಇರುವ ಯಂತ್ರಗಳೂ ಇವೆ. ಎಪ್ಸನ್‌ನ ಡ್ಯುರಾಬ್ರೈಟ್ ಶಾಯಿ ಈ ಜಾತಿಯದು. ಕಾರ್ಡೇ ಮುಖ್ಯ, ಫೋಟೊ ಅಪರೂಪ ಎನ್ನುವವರಿಗೆ ಇದು ಹೊಂದುತ್ತದೆ. ಇನ್ನೊಂದು ತುದಿಯಲ್ಲಿ, ಕಪ್ಪೂ ಸೇರಿದಂತೆ ಎಲ್ಲವೂ ಡೈ ಆಗಿರುವ ಫೋಟೊ ಪ್ರಿಂಟರ್‌ಗಳು: ಫೋಟೊ ಬಹಳ ಚೆನ್ನ, ಕಾರ್ಡ್‌ಸ್ಟಾಕ್ ಮೇಲಿನ ಸಣ್ಣ ಅಕ್ಷರದ ಅಂಚು ಸ್ವಲ್ಪ ಮೃದು, ನೀರು ತಾಗಿಸುವಂತಿಲ್ಲ. ಎರಡೂ ಸಮಸಮ ಬೇಕೆಂದರೆ ಪಿಗ್ಮೆಂಟ್ ಕಪ್ಪು, ಫೋಟೊ ಕಪ್ಪು ಎರಡನ್ನೂ ಇಟ್ಟುಕೊಂಡ ಯಂತ್ರ ಹುಡುಕಿ. ಮೇಲೆ ಹೇಳಿದ ಇಟಿ-8550ರಲ್ಲಿ ಆರು ಶಾಯಿಗಳಿವೆ: ಪಿಗ್ಮೆಂಟ್ ಕಪ್ಪು, ಫೋಟೊ ಕಪ್ಪು, ಬೂದು, ಸಯಾನ್ (ಹಸಿರು ಬೆರೆತ ನೀಲಿ), ಮಜೆಂಟಾ (ಕಡುಗುಲಾಬಿ), ಹಳದಿ. ನಮ್ಮ ಅಭಿಪ್ರಾಯದಲ್ಲಿ ಕಾರ್ಡೂ ಫೋಟೊವೂ ಒಂದೇ ಯಂತ್ರದಲ್ಲಿ ಆಗಬೇಕೆನ್ನುವವರಿಗೆ ಈ ಜೋಡಣೆಯಷ್ಟು ಹೊಂದುವುದು ಬೇರೊಂದಿಲ್ಲ.

ಬೂದು, ತಿಳಿ ಸಯಾನ್, ತಿಳಿ ಮಜೆಂಟಾ ಏಕೆ ಬೇಕು? ನಾಲ್ಕೇ ಬಣ್ಣದ ಯಂತ್ರ ತಿಳಿ ಛಾಯೆಯನ್ನು ಮಾಡುವುದು ಗಾಢ ಚುಕ್ಕೆಗಳನ್ನು ವಿರಳವಾಗಿ ಉದುರಿಸಿ. ಕೆನ್ನೆ, ಆಕಾಶ, ಮಂಜು ಇಂಥ ತೆಳು ಬಣ್ಣದ ಜಾಗದಲ್ಲಿ ಆ ಚುಕ್ಕೆಗಳು ಕಣ್ಣಿಗೆ ಬೀಳುತ್ತವೆ. ತಿಳಿ ಶಾಯಿ ಇದ್ದರೆ ಆ ಜಾಗ ನುಣುಪಾಗುತ್ತದೆ. ಬೂದು ಇದ್ದರೆ ಕಪ್ಪು-ಬಿಳುಪು ಫೋಟೊಗೆ ಹಸಿರು ಅಥವಾ ಗುಲಾಬಿ ಛಾಯೆ ಬರುವುದು ಕಡಿಮೆ. ಡಿಪಿಐ 4800 ಇರಲಿ, 5760 ಇರಲಿ, ಅದು ಚುಕ್ಕೆ ಇಡುವ ಸಾಂದ್ರತೆಯೇ ಹೊರತು ಚಿತ್ರದ ವಿವರವಲ್ಲ. ಚಿತ್ರದ ಕಡೆಯಿಂದ ಇಂಚಿಗೆ 300 ಪಿಕ್ಸೆಲ್ ಇದ್ದರೆ ಸಾಕು: 4 × 6 ಇಂಚಿಗೆ 1200 × 1800, 5 × 7ಕ್ಕೆ 1500 × 2100, ಎ4ಗೆ 2480 × 3508.

ಲೇಸರ್ ಮತ್ತು ಫೋಟೊಗೆಂದೇ ಇರುವ ಪುಟ್ಟ ಯಂತ್ರಗಳು

ಲೇಸರ್ ಪ್ರಿಂಟರ್ ಟೋನರ್ ಎಂಬ ಪ್ಲಾಸ್ಟಿಕ್ ಪುಡಿಯನ್ನು ಬಿಸಿ ರೋಲರ್‌ನಿಂದ ಕಾಗದಕ್ಕೆ ಕರಗಿಸಿ ಅಂಟಿಸುತ್ತದೆ. ಅಕ್ಷರ ಚೂಪು, ನೀರಿಗೆ ಜಗ್ಗದು, ತಿಂಗಳುಗಟ್ಟಲೆ ಸುಮ್ಮನಿಟ್ಟರೂ ಏನೂ ಕಟ್ಟಿಕೊಳ್ಳುವುದಿಲ್ಲ. ಟೋನರ್‌ಗೆ ಅಂಟುವ ಲೋಹದ ಫಾಯಿಲ್ ಹಾಳೆಯನ್ನು ಅಚ್ಚಿನ ಮೇಲಿಟ್ಟು ಲ್ಯಾಮಿನೇಟರ್‌ನಲ್ಲಿ ಓಡಿಸಿದರೆ ಚಿನ್ನದ ಅಕ್ಷರ ಬರುತ್ತದೆ. ಈ ಕೆಲಸ ಇಂಕ್‌ಜೆಟ್‌ನಿಂದ ಆಗದು. ಬಣ್ಣ ತುಂಬುವ ಕಾಪಿಕ್ ಮಾರ್ಕರ್‌ಗಳನ್ನು ಮೊದಲಿಗೆ ರೂಪಿಸಿದ್ದೇ ಕಾಪಿ ಯಂತ್ರದ ಟೋನರ್ ಕರಗದಂತೆ. ಆದರೂ ಬೇರೆ ಮಾರ್ಕರ್, ಬೇರೆ ಟೋನರ್ ಆದಾಗ ಒಂದು ಮೂಲೆಯಲ್ಲಿ ಪರೀಕ್ಷಿಸಿಯೇ ಮುಂದುವರಿಯಿರಿ.

ಫೋಟೊ ಎಂದರೆ ಲೇಸರ್ ಬೇಡ, ಛಾಯೆಗಳು ಒರಟಾಗುತ್ತವೆ. ಗಾಢ ಬಣ್ಣ ತುಂಬಿದ ಜಾಗದಲ್ಲಿ ಮಡಚಿದರೆ ಟೋನರ್ ಪದರ ಒಡೆದು ಬಿಳಿ ಗೆರೆ ಕಾಣುತ್ತದೆ, ಹಾಗಾಗಿ ಮಡಿಕೆಯ ಎರಡೂ ಬದಿ 2–3 ಮಿ.ಮೀ. ಖಾಲಿ ಬಿಡಿ. ಇನ್ನೊಂದು ಎಚ್ಚರಿಕೆ ಮರೆಯುವಂತಿಲ್ಲ: ಇಂಕ್‌ಜೆಟ್‌ನ ಹೊಳಪಿನ ಫೋಟೊ ಕಾಗದವನ್ನು ಲೇಸರ್‌ಗೆ ಹಾಕಬೇಡಿ. ಅದರ ಪ್ಲಾಸ್ಟಿಕ್ ಪದರ ಬಿಸಿ ರೋಲರ್‌ಗೆ ಕರಗಿ ಹತ್ತಿಕೊಂಡರೆ ಯಂತ್ರದ ಆ ಭಾಗವನ್ನೇ ಬದಲಿಸಬೇಕಾದೀತು. ಅರೆಪಾರದರ್ಶಕ ವೆಲಂ ಹಾಳೆಯ ಮೇಲೆ ಇಂಕ್‌ಜೆಟ್ ಶಾಯಿ ಒಣಗದೆ ಮಡುಗಟ್ಟುತ್ತದೆ, ಅದಕ್ಕೆ ಲೇಸರೇ ಮೇಲು. ಲೇಸರ್‌ಗೆ ಆಗುತ್ತದೆ ಎಂದು ಬರೆದ ವೆಲಂ ಮಾತ್ರ ಕೊಳ್ಳಿ.

ಪುಟ್ಟ ಫೋಟೊ ಮಾತ್ರ ಸಾಕು ಎನ್ನುವವರಿಗೆ ಡೈ-ಸಬ್ಲಿಮೇಷನ್ ಯಂತ್ರ ಇದೆ, ಉದಾಹರಣೆಗೆ ಕ್ಯಾನನ್ ಸೆಲ್ಫಿ. ರಿಬ್ಬನ್‌ನಲ್ಲಿನ ಬಣ್ಣವನ್ನು ಬಿಸಿಯಿಂದ ಕಾಗದಕ್ಕೆ ಇಳಿಸುತ್ತದೆ: ಹಳದಿ, ಮಜೆಂಟಾ, ಸಯಾನ್, ಕೊನೆಗೆ ರಕ್ಷಣೆಯ ಪದರ, ಹೀಗೆ ಕಾಗದ ನಾಲ್ಕು ಸಲ ಒಳಗೆ-ಹೊರಗೆ ಓಡಾಡುತ್ತದೆ. 300 ಡಿಪಿಐ ಆದರೂ ಚುಕ್ಕೆಯೇ ಕಾಣದ ನುಣುಪು. ಮುದ್ರಣ ಒಣಗಿಯೇ ಹೊರಬರುತ್ತದೆ. ರಿಬ್ಬನ್ ಮತ್ತು ಕಾಗದ ಲೆಕ್ಕ ಸರಿಹೊಂದಿಸಿ ಒಟ್ಟಿಗೇ ಸಿಗುವುದರಿಂದ ಒಂದು ಫೋಟೊಗೆ ಎಷ್ಟು ಖರ್ಚು ಎಂದು ಮೊದಲೇ ಗೊತ್ತಿರುತ್ತದೆ. ಕಾರ್ಡ್‌ಸ್ಟಾಕ್ ಮೇಲೆ ಅಚ್ಚು ಹಾಕಲು ಮಾತ್ರ ಬಾರದು. ಕಾರ್ಡ್‌ಗೆ ಕಪ್ಪು-ಬಿಳುಪು ಲೇಸರ್, ಫೋಟೊಗೆ ಇದು ಎಂದು ಎರಡು ಚಿಕ್ಕ ಯಂತ್ರ ಇಟ್ಟುಕೊಂಡರೆ, ಆಗೊಮ್ಮೆ ಈಗೊಮ್ಮೆ ಮಾತ್ರ ಅಚ್ಚು ಹಾಕುವ ಮನೆಗೆ ಇಂಕ್‌ಜೆಟ್‌ಗಿಂತ ನೆಮ್ಮದಿ.

ಟ್ಯಾಂಕೋ ಕಾರ್ಟ್ರಿಜ್ಜೋ

ಟ್ಯಾಂಕ್ ಯಂತ್ರಕ್ಕೆ ಬಾಟಲಿಯಿಂದ ಶಾಯಿ ತುಂಬುತ್ತಾರೆ; ಕಾರ್ಟ್ರಿಜ್ ಎಂದರೆ ಮುಗಿದಾಗ ಬದಲಿಸುವ ಶಾಯಿಯ ಡಬ್ಬಿ. ಒಂದು ಸುತ್ತು ಶಾಯಿಗೆ ಎಷ್ಟು ಪುಟ ಬರುತ್ತದೆ ಎಂಬ ಸಂಖ್ಯೆಯನ್ನು ಹೋಲಿಸುವಾಗ ಆ ಸಂಖ್ಯೆ ಯಾವುದಕ್ಕೆ ಹೇಳಿದ್ದು ನೋಡಿ. ಐಎಸ್ಒ/ಐಇಸಿ 24711 ಎಂದಿದ್ದರೆ ಅದು ಅಕ್ಷರ, ಚಿತ್ರ ಬೆರೆತ ಕಚೇರಿ ಪುಟಗಳ ಅಳತೆ; ಹಾಳೆಯ ಬಹುಭಾಗ ಬಿಳಿ. ಫೋಟೊದಲ್ಲಿ ಹಾಳೆಯ ಮೂಲೆಮೂಲೆಗೂ ಶಾಯಿ. ಫೋಟೊಗೆಂದೇ ಇರುವ ಅಳತೆ ಐಎಸ್ಒ/ಐಇಸಿ 29102. ಅದರ ಪ್ರಕಾರ ಕೊಟ್ಟ 4 × 6 ಸಂಖ್ಯೆ ಸಿಕ್ಕರೆ ಅದನ್ನೇ ಹೋಲಿಸಿ. ಒಂದು ಸುತ್ತು ಎಲ್ಲ ಬಣ್ಣದ ಬೆಲೆ ಕೂಡಿಸಿ ಆ ಸಂಖ್ಯೆಯಿಂದ ಭಾಗಿಸಿ, ಒಂದು ಹಾಳೆ ಫೋಟೊ ಕಾಗದದ ಬೆಲೆ ಸೇರಿಸಿ. ಟ್ಯಾಂಕ್ ಯಂತ್ರದಲ್ಲಿ ಹೆಚ್ಚಾಗಿ ಶಾಯಿಗಿಂತ ಕಾಗದವೇ ದುಬಾರಿ ಎಂದು ಆಗ ಗೊತ್ತಾಗುತ್ತದೆ.

ವಾರಕ್ಕೆ ಒಮ್ಮೆಯಾದರೂ ಬಣ್ಣದ ಅಚ್ಚು ಹಾಕುವವರಿಗೆ ಟ್ಯಾಂಕ್ ಸರಿ. ತಿಂಗಳುಗಟ್ಟಲೆ ಮುಟ್ಟದವರಿಗೆ, ಹೆಡ್ (ಶಾಯಿ ಚಿಮ್ಮಿಸುವ ಭಾಗ) ಕಾರ್ಟ್ರಿಜ್‌ನಲ್ಲೇ ಇರುವ ಅಗ್ಗದ ಇಂಕ್‌ಜೆಟ್ ಒಂದು ರೀತಿಯಲ್ಲಿ ಸುರಕ್ಷಿತ: ಶಾಯಿ ಒಣಗಿ ನಾಜಲ್ (ಹೆಡ್‌ನ ಸೂಕ್ಷ್ಮ ರಂಧ್ರ) ಕಟ್ಟಿಕೊಂಡರೆ ಕಾರ್ಟ್ರಿಜ್ ಬದಲಿಸಿದೊಡನೆ ಹೊಸ ಹೆಡ್ ಬಂದಂತೆ. ಮೂರು ಬಣ್ಣ ಒಂದೇ ಡಬ್ಬಿಯಲ್ಲಿರುವ ಕಾರ್ಟ್ರಿಜ್ ಮಾತ್ರ ಕಾರ್ಡ್ ಮಾಡುವವರಿಗೆ ನಷ್ಟ. ಒಂದೇ ಗುಲಾಬಿ ಹಿನ್ನೆಲೆಯ ಐವತ್ತು ಕಾರ್ಡ್ ಮಾಡಿದರೆ ಮಜೆಂಟಾ ಮುಗಿದು, ತುಂಬಿದ ಹಳದಿ ಸಯಾನ್ ಕಸಕ್ಕೆ ಹೋಗುತ್ತವೆ.

ಕೊಳ್ಳುವ ಮುನ್ನ ಕೇಳಲೇಬೇಕಾದ ಇನ್ನೊಂದು ಭಾಗ ತ್ಯಾಜ್ಯ ಶಾಯಿಯ ಪೆಟ್ಟಿಗೆ. ಹೆಡ್ ಸ್ವಚ್ಛ ಮಾಡುವಾಗ ಹೊರಬೀಳುವ ಶಾಯಿ ಒಂದು ಸ್ಪಂಜಿಗೆ ಹೋಗುತ್ತದೆ. ಅಂಚಿಲ್ಲದ ಮುದ್ರಣದಲ್ಲಿ ಕಾಗದದಾಚೆ ಸಿಡಿಯುವ ಶಾಯಿಗೂ ಸ್ಪಂಜೇ ಗತಿ. ಫೋಟೊ ಹೆಚ್ಚಾದಷ್ಟೂ ಬೇಗ ತುಂಬುತ್ತದೆ. ತುಂಬಿದರೆ ಯಂತ್ರ ನಿಂತುಬಿಡುತ್ತದೆ. ಅದನ್ನು ನೀವೇ ಎಳೆದು ಬದಲಿಸುವಂತಿದ್ದರೆ ಐದು ನಿಮಿಷದ ಕೆಲಸ. ಒಳಗೆ ಹುದುಗಿಸಿದ್ದರೆ ಸರ್ವಿಸ್ ಕೇಂದ್ರಕ್ಕೆ ಹೊತ್ತೊಯ್ಯಬೇಕು. ಬದಲಿಸುವ ಪೆಟ್ಟಿಗೆ ಇರುವ ಯಂತ್ರವನ್ನೇ ಆರಿಸಿ. ಹಾಗೆಯೇ, ತಯಾರಕರ ಕಾರ್ಟ್ರಿಜ್ ಮಾತ್ರ ಒಪ್ಪುತ್ತದೆಯೇ, ಕೆಲಸ ಮಾಡಲು ಸದಾ ಇಂಟರ್ನೆಟ್ ಬೇಕೇ ಎಂಬುದನ್ನೂ ಮೊದಲೇ ತಿಳಿದುಕೊಳ್ಳಿ.

ಮೊದಲ ಬಾರಿ ತುಂಬಿದ ಶಾಯಿಯಲ್ಲಿ ಒಂದು ಪಾಲು ಕೊಳವೆಗಳನ್ನೂ ಹೆಡ್ಡನ್ನೂ ತುಂಬಲು ಹೋಗುತ್ತದೆ. ಹೊಸ ಯಂತ್ರ ಶಾಯಿ ಕುಡಿಯುತ್ತದೆ ಎಂದು ಗಾಬರಿಯಾಗಬೇಡಿ. ಎರಡನೆಯ ಸುತ್ತಿನಿಂದ ಲೆಕ್ಕ ಹಿಡಿಯಿರಿ. ಫೋಟೊ ಪ್ರಿಂಟರ್‌ಗೆ ಸಬ್ಲಿಮೇಷನ್ ಶಾಯಿ ತುಂಬುವ ಸಲಹೆ ಬಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಬಟ್ಟೆ, ಲೋಟದ ಕೆಲಸಕ್ಕೆ ಬೇರೆ ಯಂತ್ರ ಇರಲಿ. ಆ ಶಾಯಿ ಒಮ್ಮೆ ಕೊಳವೆಗೆ ಹೋದರೆ ಫೋಟೊಗೆ ಮರಳುವುದು ಕಷ್ಟ.

ಅಂಗಡಿಯಲ್ಲಿ ಪರೀಕ್ಷೆ

ನಿಮ್ಮ ಕಾರ್ಡ್‌ಸ್ಟಾಕ್‌ನ ನಾಲ್ಕು ಹಾಳೆ, ಒಂದು ಪೆನ್‌ಡ್ರೈವ್ ಜೊತೆಗಿರಲಿ. ಪೆನ್‌ಡ್ರೈವ್‌ನಲ್ಲಿ ಎರಡು ಕಡತ ಸಾಕು. ಒಂದರಲ್ಲಿ ತೆಳು ಗೆರೆ, ಸಣ್ಣ ಅಕ್ಷರ, ಒಂದು ಗಾಢ ಕಪ್ಪು ಚೌಕ. ಇನ್ನೊಂದರಲ್ಲಿ ಮುಖ ಮತ್ತು ಆಕಾಶ ಇರುವ ಫೋಟೊ. ಒಂದೇ ಹಾಳೆ ಸರಿಯಾಗಿ ಹೋಯಿತೆಂದು ನಿಲ್ಲಿಸಬೇಡಿ, ನಾಲ್ಕನ್ನೂ ಹಾಕಿ. ರೋಲರ್ ಜಾರುವುದು, ಓರೆಯಾಗಿ ಎಳೆಯುವುದು ಎರಡನೆಯ ಮೂರನೆಯ ಹಾಳೆಯಲ್ಲಿ ಬಯಲಾಗುತ್ತದೆ. ಹೊರಬಂದ ಹಾಳೆಯನ್ನು ಬೆಳಕಿಗೆ ಓರೆ ಹಿಡಿದು ರೋಲರ್‌ನ ಹಲ್ಲಿನ ಗುರುತು ಇದೆಯೇ ನೋಡಿ. ಹತ್ತು ನಿಮಿಷ ಬಿಟ್ಟು ಒದ್ದೆ ಬೆರಳಿನಿಂದ ಗೆರೆಯ ಮೇಲೆ ಒಮ್ಮೆ ಎಳೆಯಿರಿ. ಶಾಯಿ ಯಾವ ಜಾತಿ ಎಂದು ತಿಳಿಯುತ್ತದೆ.

ಡ್ರೈವರ್‌ನಲ್ಲಿ ನಿಮ್ಮದೇ ಅಳತೆಯ ಕಾಗದ ನಮೂದಿಸಲು ಬರುತ್ತದೆಯೇ ಎಂದೂ ನೋಡಬೇಕು. ಮೊಬೈಲ್ ಆ್ಯಪ್‌ಗಳಲ್ಲಿ ಈ ಸೌಲಭ್ಯ ಹಲವು ಬಾರಿ ಇರುವುದಿಲ್ಲ, ಕಾಗದದ ಬಗೆಗಳೂ ನಾಲ್ಕೈದೇ. ಕಾರ್ಡ್ ಕೆಲಸಕ್ಕೆ ಕಂಪ್ಯೂಟರ್ ಬೇಕೇ ಬೇಕು. ಕಟಿಂಗ್ ಯಂತ್ರದ ಜೊತೆ ಬಳಸುವುದಾದರೆ ಮ್ಯಾಟ್ ಹಾಳೆಯನ್ನೇ ಆರಿಸಿ. ಹೊಳಪಿನ ಹಾಳೆಯಲ್ಲಿ ನೋಂದಣಿ ಗುರುತುಗಳನ್ನು (ಎಲ್ಲಿ ಕತ್ತರಿಸಬೇಕೆಂದು ತಿಳಿಸುವ ಅಚ್ಚಿನ ಗುರುತು) ಅದರ ಸೆನ್ಸರ್ ಓದಲು ತಡಕಾಡುತ್ತದೆ. ಸ್ಕ್ಯಾನರ್ ಜೊತೆಗಿದ್ದರೆ 600 ಡಿಪಿಐ ಹಳೆಯ ಫೋಟೊಗಳಿಗೆ ಸಾಕು.

ಮೊದಲ ಕಾರ್ಡ್ ಅಚ್ಚು ಹಾಕುವ ಕ್ರಮ

ಮೊದಲು ನಾರಿನ ದಿಕ್ಕು ತಿಳಿಯಿರಿ. ಹಾಳೆಯನ್ನು ಒತ್ತದೆ ಉದ್ದುದ್ದ ಬಾಗಿಸಿ, ಆಮೇಲೆ ಅಡ್ಡಡ್ಡ ಬಾಗಿಸಿ. ಸುಲಭವಾಗಿ ಬಾಗಿದ ಕಡೆ ಮಡಿಕೆಯ ಗೆರೆ ನಾರಿಗೆ ಸಮಾನಾಂತರ. ಮಡಿಕೆ ಅದೇ ದಿಕ್ಕಿಗೆ ಬರುವಂತೆ ವಿನ್ಯಾಸ ಕೂಡಿಸಿದರೆ ಅಂಚು ಬಿರಿಯುವುದಿಲ್ಲ.

ಪಕ್ಕಕ್ಕೆ ತೆರೆಯುವ ಕಾರ್ಡಿನಲ್ಲಿ ಹೊರಮುಖದ ಬಲ ಅರ್ಧ ಮುಂಭಾಗ, ಎಡ ಅರ್ಧ ಹಿಂಭಾಗ. ಮೇಲಕ್ಕೆ ತೆರೆಯುವ ಕಾರ್ಡಿನಲ್ಲಿ ಕೆಳ ಅರ್ಧ ಮುಂಭಾಗ. ಮೇಲಿನ ಅರ್ಧದಲ್ಲಿ ಹಿಂಭಾಗದ ಬರಹವನ್ನು ತಲೆಕೆಳಗಾಗಿ ಇಡಬೇಕು, ಇಲ್ಲವಾದರೆ ಮಡಚಿದ ಮೇಲೆ ಅದು ಉಲ್ಟಾ ಕಾಣುತ್ತದೆ. ಅಕ್ಷರ, ಚೌಕಟ್ಟುಗಳನ್ನು ಅಂಚಿನಿಂದ ಕನಿಷ್ಠ 5 ಮಿ.ಮೀ. ಒಳಗಿಡಿ. ಅಂಚಿಲ್ಲದ ಮುದ್ರಣದಲ್ಲಿ ಪ್ರಿಂಟರ್ ಚಿತ್ರವನ್ನು ತುಸು ಹಿಗ್ಗಿಸಿ ಪ್ರತಿ ಬದಿಯಲ್ಲಿ 2–3 ಮಿ.ಮೀ. ಹೊರಗೆ ಚೆಲ್ಲುತ್ತದೆ. ಮಡಿಕೆಯ ಜಾಗ ನಿಖರವಾಗಿರಬೇಕಾದಾಗ ಅಂಚಿಲ್ಲದ ಮುದ್ರಣ ಬೇಡ; ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ಕತ್ತರಿಸಿ. ‘ಪುಟಕ್ಕೆ ಹೊಂದಿಸು’ ಎಂಬುದನ್ನು ತೆಗೆದು ಪ್ರಮಾಣ 100 ಶೇಕಡಾ ಇಡಿ.

ಮೊದಲ ಪ್ರತಿ ಸಾದಾ ಕಾಗದದಲ್ಲಿ ತೆಗೆದು ಮಡಚಿ ನೋಡಿ. ನಂತರ ಕಾಗದದ ಬಗೆಯನ್ನು ಬದಲಿಸಿ. ಹೆಸರಿನಲ್ಲಿ ಚಿಕ್ಕದಾಗಿ ಕಂಡರೂ ಎಷ್ಟು ಶಾಯಿ ಬೀಳಬೇಕು, ಹೆಡ್ ಎಷ್ಟು ನಿಧಾನ ಓಡಬೇಕು, ಹಲವು ಯಂತ್ರಗಳಲ್ಲಿ ಹೆಡ್ ಮತ್ತು ಕಾಗದದ ನಡುವೆ ಎಷ್ಟು ಅಂತರ ಇರಬೇಕು ಎಂಬುದನ್ನೆಲ್ಲ ಇದೇ ತೀರ್ಮಾನಿಸುತ್ತದೆ. ಲೇಪನವಿಲ್ಲದ ಕಾರ್ಡ್‌ಸ್ಟಾಕ್‌ಗೆ ‘ಮ್ಯಾಟ್’ ಇಟ್ಟು ನೋಡಿ. ಗೆರೆ ಉಬ್ಬಿದರೆ ಶಾಯಿ ಹೆಚ್ಚಾಯಿತು ಎಂದರ್ಥ, ‘ಸಾದಾ ಕಾಗದ, ಉತ್ತಮ ಗುಣಮಟ್ಟ’ಕ್ಕೆ ಇಳಿಸಿ. ಹಾಳೆಯ ತುದಿಯಲ್ಲಿ ಶಾಯಿ ಮೆತ್ತಿದ್ದರೆ ಹೆಡ್ ಕಾಗದಕ್ಕೆ ತಾಗುತ್ತಿದೆ. ಸುರುಳಿಯನ್ನು ಎದುರು ದಿಕ್ಕಿಗೆ ಮೆಲ್ಲಗೆ ಬಾಗಿಸಿ ಸಮ ಮಾಡಿ, ‘ದಪ್ಪ ಕಾಗದ’ ಅಥವಾ ‘ಕಾಗದ ಉಜ್ಜದಂತೆ ತಡೆ’ ಎಂಬ ಆಯ್ಕೆ ಹಾಕಿ. ಹಾಳೆ ಒಳಗೆ ಹೋಗದೆ ರೋಲರ್ ಸುಮ್ಮನೆ ತಿರುಗಿದರೆ ಕಾರ್ಡ್‌ಸ್ಟಾಕ್‌ನ ದೂಳು ಕೂತಿದೆ. ನೂಲು ಬಿಡದ ಒದ್ದೆ ಬಟ್ಟೆಯಿಂದ ರೋಲರ್ ಒರೆಸಿ.

ಒಳಮುಖ ಅಚ್ಚು ಹಾಕುವ ಮುನ್ನ ಹೊರಮುಖ ಒಣಗಲಿ, ಹತ್ತು ನಿಮಿಷಕ್ಕೆ ಕಡಿಮೆ ಬೇಡ. ಕೈಯಿಂದ ತಿರುಗಿಸಿ ಹಾಕಿದಾಗ 1–2 ಮಿ.ಮೀ. ಆಚೀಚೆ ಆಗುವುದು ಸಹಜ, ಆದ್ದರಿಂದ ಎರಡೂ ಬದಿಯ ಚೌಕಟ್ಟು ಒಂದರ ಮೇಲೊಂದು ಕೂರಬೇಕಾದಂಥ ವಿನ್ಯಾಸ ಮಾಡಬೇಡಿ. ಉಬ್ಬಕ್ಷರದ ಪುಡಿ ಬಳಸುವುದಾದರೆ ಇಡೀ ರಾತ್ರಿ ಒಣಗಿಸಿ. ಹಸಿ ಶಾಯಿಗೆ ಪುಡಿ ಬೇಡದ ಕಡೆಯೆಲ್ಲ ಹಿಡಿಯುತ್ತದೆ. ಫೋಟೊ ಕಾಗದಕ್ಕೆ ಬಿಸಿ ಗಾಳಿ ಹಿಡಿಯಬೇಡಿ, ಅದರ ಪ್ಲಾಸ್ಟಿಕ್ ಪದರ ಗುಳ್ಳೆ ಏಳುತ್ತದೆ.

ಫೋಟೊ ಕಪ್ಪಾಗಿ ಬಂದರೆ

ಹತ್ತರಲ್ಲಿ ಎಂಟು ಸಲ ತಪ್ಪು ಪ್ರಿಂಟರ್‌ದಲ್ಲ, ಪರದೆಯ ಹೊಳಪು ವಿಪರೀತ ಇರುತ್ತದೆ. ಹೊಳಪನ್ನು ಅರ್ಧಕ್ಕೆ ಇಳಿಸಿ, ಬಿಳಿ ಕಾಗದವನ್ನು ಪರದೆಯ ಪಕ್ಕ ಹಿಡಿದು ಎರಡೂ ಸುಮಾರು ಒಂದೇ ಎನಿಸುವವರೆಗೆ ಸರಿಪಡಿಸಿ. ಬಣ್ಣ ವಿಚಿತ್ರವಾಗಿ ಗುಲಾಬಿಯಾದರೆ ಬಣ್ಣದ ನಿರ್ವಹಣೆ ಎರಡು ಕಡೆ ನಡೆಯುತ್ತಿದೆಯೇ ನೋಡಿ: ಫೋಟೊ ತಂತ್ರಾಂಶದಲ್ಲಿ ಕಾಗದದ ಐಸಿಸಿ ಪ್ರೊಫೈಲ್ (ಆ ಕಾಗದದ ಮೇಲೆ ಬಣ್ಣ ಹೇಗೆ ಬರುತ್ತದೆ ಎಂದು ತಿಳಿಸುವ ಕಡತ) ಆರಿಸಿದ್ದರೆ ಡ್ರೈವರ್‌ನಲ್ಲಿ ಬಣ್ಣದ ತಿದ್ದುಪಡಿ ಬಂದ್ ಮಾಡಬೇಕು. ಪ್ರೊಫೈಲ್ ಇಲ್ಲದಿದ್ದರೆ ಚಿತ್ರವನ್ನು ಎಸ್ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣದ ವ್ಯವಸ್ಥೆಯಲ್ಲಿಟ್ಟು ಎಲ್ಲವನ್ನೂ ಡ್ರೈವರ್‌ಗೆ ಬಿಡಿ. ಈಗತಾನೇ ಹೊರಬಂದ ಡೈ ಮುದ್ರಣದ ಬಣ್ಣ ಒಣಗುತ್ತ ಸ್ವಲ್ಪ ಬದಲಾಗುತ್ತದೆ. ಅರ್ಧ ಗಂಟೆ ಬಿಟ್ಟು ತೀರ್ಮಾನಿಸಿ. ಗಾಜಿನ ಚೌಕಟ್ಟಿಗೆ ಹಾಕುವ ಮುನ್ನ ಒಂದು ದಿನ ಬಿಡಿ, ಇಲ್ಲದಿದ್ದರೆ ಶಾಯಿಯ ಆವಿ ಗಾಜಿನ ಒಳಬದಿಗೆ ಮಂಜಿನಂತೆ ಕೂರುತ್ತದೆ.

ಬಣ್ಣದಲ್ಲಿ ಅಡ್ಡಗೆರೆ ಕಂಡರೆ ಮೊದಲು ನಾಜಲ್ ಪರೀಕ್ಷೆಯ ಪುಟ ತೆಗೆಯಿರಿ. ಗೆರೆ ತುಂಡಾಗಿದ್ದರೆ ಮಾತ್ರ ಹೆಡ್ ಸ್ವಚ್ಛಗೊಳಿಸುವ ಆಯ್ಕೆ ಒತ್ತಿ, ಮತ್ತೆ ಪರೀಕ್ಷಿಸಿ. ಮೂರು ಸಲ ಮಾಡಿದರೂ ಹೋಗದಿದ್ದರೆ ನಿಲ್ಲಿಸಿ, ಯಂತ್ರ ಆಫ್ ಮಾಡಿ ಹನ್ನೆರಡು ಗಂಟೆ ಬಿಡಿ. ಒಣಗಿದ ಶಾಯಿ ನೆನೆದು ಸಡಿಲವಾಗುತ್ತದೆ, ಸಿಕ್ಕಿಕೊಂಡ ಗಾಳಿಗುಳ್ಳೆಯೂ ಮೇಲೇರುತ್ತದೆ. ಸಾಲಾಗಿ ಹತ್ತು ಸಲ ಸ್ವಚ್ಛ ಮಾಡಿದರೆ ಶಾಯಿ ಖಾಲಿಯಾಗಿ ತ್ಯಾಜ್ಯದ ಪೆಟ್ಟಿಗೆ ತುಂಬುವುದಷ್ಟೇ ಲಾಭ. ಪ್ರಿಂಟರನ್ನು ಆಫ್ ಮಾಡುವಾಗ ಅದರದೇ ಗುಂಡಿ ಒತ್ತಿ, ಗೋಡೆಯ ಸ್ವಿಚ್ ಆರಿಸಬೇಡಿ; ಗುಂಡಿ ಒತ್ತಿದಾಗ ಮಾತ್ರ ಹೆಡ್ ತನ್ನ ಜಾಗಕ್ಕೆ ಹೋಗಿ ರಬ್ಬರ್ ಮುಚ್ಚಳದೊಳಗೆ ಕೂರುತ್ತದೆ. ಟ್ಯಾಂಕಿನ ಶಾಯಿ ಕೆಳಗಿನ ಗೆರೆಗಿಂತ ಇಳಿಯಲು ಬಿಟ್ಟರೆ ಕೊಳವೆಗೆ ಗಾಳಿ ನುಗ್ಗುತ್ತದೆ, ಮತ್ತೆ ಅಡ್ಡಗೆರೆ ಶುರುವಾಗುತ್ತದೆ. ವಾರಕ್ಕೊಮ್ಮೆ ಎಲ್ಲ ಬಣ್ಣವೂ ಇರುವ ಒಂದು ಪುಟ್ಟ ಚಿತ್ರ ಅಚ್ಚು ಹಾಕುತ್ತಿದ್ದರೆ ಈ ತಾಪತ್ರಯಗಳಲ್ಲಿ ಹೆಚ್ಚಿನವು ಬರುವುದೇ ಇಲ್ಲ.